ಇನ್ನೊಂದು ಚಕ್ರ ಎಲ್ಲಿ ಅಂತ ಕೇಳಬೇಡಿ: ಯೂನಿಸೈಕಲ್ ಜೊತೆ ನನ್ನ ಅನುಭವ

ನನಗೆ ಆಗ 46 ವರ್ಷ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಮನೆ, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ರಕ್ತ ಪರೀಕ್ಷೆ ಮಾಡಿಸಿದಾಗ, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಪ್ರೀಡಯಾಬಿಟಿಸ್. ಸಕ್ಕರೆ ಕಾಯಿಲೆ ಗೇಟಿನ ಹತ್ತಿರ ಬಂದು ನಿಂತಿದೆ, ಇನ್ನೂ ಬೆಲ್ ಒತ್ತಿಲ್ಲ, ಅಷ್ಟೇ. ಓಡೋಣ ಅಂದರೆ ಮಂಡಿ ಕೇಳಲ್ಲ. ಜಿಮ್‌ಗೆ ದುಡ್ಡು ಕಟ್ಟಿ ಎರಡು ತಿಂಗಳು ಹೋದೆ, ಆಮೇಲೆ ದುಡ್ಡು ಮಾತ್ರ ಹೋಗ್ತಾ ಇತ್ತು.

ಗ್ಯಾರೇಜಿನಲ್ಲಿ ಮಗನಿಗೆ ಅಂತ ಯಾರದೋ ಮನೆಯ ಗ್ಯಾರೇಜ್ ಸೇಲಿನಲ್ಲಿ 30 ಡಾಲರ್ ಕೊಟ್ಟು ತಂದ 20 ಇಂಚು ಚಕ್ರದ ಯೂನಿಸೈಕಲ್, ಅಂದರೆ ಒಂದೇ ಚಕ್ರದ ಸೈಕಲ್, ಬಿದ್ದಿತ್ತು. ಅವನು ನಾಲ್ಕು ದಿನ ಪ್ರಯತ್ನಪಟ್ಟು ಬಿಟ್ಟಿದ್ದ. ಒಂದು ಭಾನುವಾರ ಸುಮ್ನೆ ಅದರ ಮೇಲೆ ಕೂತೆ. ಕೂತೆ ಅನ್ನೋದು ತಪ್ಪು, ಕೂರೋಕೆ ಹೋಗಿ ಕಾರಿನ ಬಾನೆಟ್ ತಬ್ಬಿಕೊಂಡೆ. ಹೆಂಡತಿ ಒಳಗಿಂದಲೇ "ಸರ್ಕಸ್ಸಿಗೆ ಸೇರ್ತೀರಾ?" ಅಂದಳು. ಆ ಮಾತು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಲ್ಲ.

ಚಿಕ್ಕವನಿದ್ದಾಗ ಬಾಡಿಗೆ ಸೈಕಲ್ ತಗೊಂಡು ಒಳ ಪೆಡಲ್ ಹೊಡೆದು ಕಲಿತವನು ನಾನು. ಆ ಧೈರ್ಯದಲ್ಲಿ ಇದೂ ಬರುತ್ತೆ ಅಂದುಕೊಂಡಿದ್ದೆ. ಬರಲಿಲ್ಲ. ಎರಡು ಚಕ್ರದ ಸೈಕಲ್ ಬೀಳೋದು ಎಡಕ್ಕೆ ಇಲ್ಲ ಬಲಕ್ಕೆ. ಇದು ಮುಂದಕ್ಕೂ ಬೀಳುತ್ತೆ, ಹಿಂದಕ್ಕೂ ಬೀಳುತ್ತೆ. ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಚೈನ್ ಇಲ್ಲ. ಕ್ರ್ಯಾಂಕ್, ಅಂದರೆ ಪೆಡಲ್ ಸಿಗಿಸೋ ತೋಳು, ನೇರವಾಗಿ ಚಕ್ರದ ಆ್ಯಕ್ಸಲ್‌ಗೇ ಕೂತಿರುತ್ತೆ. ಕಾಲು ನಿಂತರೆ ಚಕ್ರ ನಿಂತಿತು, ಚಕ್ರ ನಿಂತರೆ ನೀವು ಬಿದ್ದಿರಿ.

ಟೆನಿಸ್ ಕೋರ್ಟಿನ ತಂತಿ ಬೇಲಿ ಹಿಡ್ಕೊಂಡು ಕಲಿತೆ. ದಿನಾ ಸಂಜೆ ಅರ್ಧ ಗಂಟೆ, ಜಾಸ್ತಿ ಇಲ್ಲ. ಮೊದಲ ವಾರ ಬೇಲಿ ಬಿಟ್ಟರೆ ಎರಡು ಮೀಟರ್. ಎರಡನೇ ವಾರವೂ ಎರಡೇ ಮೀಟರ್. ನನ್ನ ತಪ್ಪು ಎಲ್ಲರೂ ಮಾಡೋದೇ: ಹೆದರಿಕೆಗೆ ಪೆಡಲ್ ಮೇಲೆ ಎದ್ದು ನಿಲ್ಲುತ್ತಿದ್ದೆ. ಭಾರವೆಲ್ಲ ಕಾಲಿಗೆ ಬಂದರೆ ಚಕ್ರ ಗಕ್ ಗಕ್ ಅಂತ ಅರ್ಧರ್ಧ ಸುತ್ತಿಗೆ ನಿಲ್ಲುತ್ತೆ, ತೊಡೆ ಹತ್ತೇ ನಿಮಿಷಕ್ಕೆ ನಡುಗೋಕೆ ಶುರು. ಭಾರ ಸೀಟಿಗೆ ಬಿಡಬೇಕು, ಅಕ್ಕಿ ಮೂಟೆ ಇಟ್ಟ ಹಾಗೆ. ಕಾಲು ಚಕ್ರ ತಿರುಗಿಸೋಕೆ ಮಾತ್ರ. ಇನ್ನೊಂದು, ಕೆಳಗೆ ನೋಡಬಾರದು. ನೋಡಿದಿರೋ, ಅಲ್ಲೇ ಬೀಳ್ತೀರಿ. ನಾನು ಕೋರ್ಟಿನ ಆ ಕೊನೆಯ ಕಸದ ಡಬ್ಬಿ ನೋಡ್ತಾ ಹೊಡೀತಿದ್ದೆ. ಮೂರನೇ ವಾರದ ಕೊನೆಗೆ ಒಂದು ಸಂಜೆ ಆ ಡಬ್ಬಿ ಹತ್ತಿರ ಬರ್ತಾ ಇದೆ, ಇನ್ನೂ ಹತ್ತಿರ, ಅಯ್ಯೋ ಈಗ ತಿರುಗಬೇಕಲ್ಲ, ತಿರುಗೋದು ಕಲಿತೇ ಇಲ್ಲವಲ್ಲ! ಡಬ್ಬಿ ತಬ್ಬಿಕೊಂಡೆ.

ಹತ್ತೋದು ಕಲಿಯೋಕೆ ಇನ್ನೂ ಒಂದು ತಿಂಗಳು. ಸೀಟು ತೊಡೆ ಮಧ್ಯೆ ಸಿಗಿಸಿ, ನಮ್ಮ ಕಡೆಗಿರೋ ಪೆಡಲನ್ನು ಸ್ವಲ್ಪ ತಗ್ಗಿಗೆ ಇಟ್ಟು, ಅದರ ಮೇಲೆ ಕಾಲಿಟ್ಟರೆ ಚಕ್ರ ಹಿಂದಕ್ಕೆ ಉರುಳಿ ನಮ್ಮ ಕೆಳಗೆ ಬರುತ್ತೆ. ಅದೇ ಗಳಿಗೆಯಲ್ಲಿ ಇನ್ನೊಂದು ಕಾಲು ಪೆಡಲ್ ಹುಡುಕಬೇಕು. ಹುಡುಕದಿದ್ದರೆ ಪೆಡಲೇ ಬಂದು ಮೊಣಕಾಲ ಕೆಳಗಿನ ಮೂಳೆ ಹುಡುಕುತ್ತೆ. ಆ ಮೂಳೆಗೆ ಶಿನ್ ಗಾರ್ಡ್ ತಗೊಳ್ಳಿ, ಕೈಗೆ ರಿಸ್ಟ್ ಗಾರ್ಡ್, ತಲೆಗೆ ಹೆಲ್ಮೆಟ್. ಈ ಮೂರರಲ್ಲಿ ಜಿಪುಣತನ ಬೇಡ. ನನ್ನ ಬಲಗಾಲಲ್ಲಿ ಇವತ್ತಿಗೂ ಪೆಡಲ್ ಪಿನ್ನಿನ ನಾಲ್ಕು ಚುಕ್ಕೆ ಸಾಲಾಗಿವೆ.

ಒಂದು ಸಲ ಪಂಕ್ಚರ್ ಹಾಕಿ ಚಕ್ರವನ್ನು ಹಿಂದುಮುಂದಾಗಿ ಜೋಡಿಸಿಬಿಟ್ಟೆ. ನೋಡೋಕೆ ಎರಡು ಕಡೆಯೂ ಒಂದೇ ಥರ ಅಲ್ವಾ? ಆದರೆ ಎಡಗಡೆ ಪೆಡಲಿಗೆ ಉಲ್ಟಾ ಮರೆ (ಸ್ಕ್ರೂ ಥ್ರೆಡ್) ಇರುತ್ತೆ, ತುಳಿಯುವಾಗ ಬಿಚ್ಚಿಕೊಳ್ಳದೆ ಇರಲಿ ಅಂತ. ಬಲಕ್ಕೆ ಬಂದರೆ ಅದೇ ನಿಧಾನವಾಗಿ ಬಿಚ್ಚಿಕೊಳ್ಳುತ್ತೆ. ಮೂರನೇ ದಿನ ದಾರಿ ಮಧ್ಯೆ ಪೆಡಲ್ ಕಳಚಿ ಬಿತ್ತು, ಕ್ರ್ಯಾಂಕಿನ ಮರೆ ಸವೆದು ಹೋಗಿತ್ತು, ಹೊಸ ಕ್ರ್ಯಾಂಕಿಗೆ ದಂಡ ತೆತ್ತೆ. ಈಗ ಎಡಕ್ಕೆ ಕೆಂಪು ಟೇಪ್ ಸುತ್ತಿದ್ದೀನಿ.

20 ಇಂಚಿನಲ್ಲಿ ಕಲಿಯಬಹುದು, ದೂರ ಹೋಗೋಕಾಗಲ್ಲ. ಗಿಯರ್ ಇಲ್ಲವಲ್ಲ, ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. 20 ಇಂಚಿನ ಚಕ್ರ ಒಂದು ಸುತ್ತಿಗೆ ಹೋಗೋದು ಸುಮಾರು ಒಂದೂವರೆ ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೂ ಗಂಟೆಗೆ ಏಳು ಕಿಲೋಮೀಟರ್, ಪಕ್ಕದಲ್ಲಿ ಜಾಗಿಂಗ್ ಮಾಡೋರು ಮುಂದೆ ಹೋಗ್ತಾರೆ. 29 ಇಂಚಿಗೆ ಬಂದರೆ ಸುತ್ತಿಗೆ 2.3 ಮೀಟರ್, ಅಷ್ಟೇ ತುಳಿತಕ್ಕೆ ಗಂಟೆಗೆ 11 ಕಿಲೋಮೀಟರ್. ಹಳೇ ಕಾಲದ ಪೆನ್ನಿ ಫಾರ್ದಿಂಗ್ ಸೈಕಲಿಗೆ ಅಷ್ಟು ದೊಡ್ಡ ಮುಂದಿನ ಚಕ್ರ ಯಾಕಿತ್ತು ಅಂತ ನನಗೆ ಆವಾಗಲೇ ಅರ್ಥ ಆಗಿದ್ದು. ದೂರ ಹೋಗೋರು 36 ಇಂಚಿನದು ಇಟ್ಟುಕೊಳ್ತಾರೆ, ಹತ್ತಿದರೆ ಆನೆ ಮೇಲೆ ಕೂತ ಹಾಗೆ. ನಾನು 29ಕ್ಕೆ ನಿಂತೆ.

ವ್ಯಾಯಾಮ ಅಂತ ನೋಡಿದರೆ ಇದರ ಗುಟ್ಟು ಒಂದೇ, ಪುಕ್ಕಟೆ ಉರುಳೋದು ಇಲ್ಲ. ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಕಾಲು ಬಿಟ್ಟು ಕೂರಬಹುದು. ಇದರಲ್ಲಿ ಇಳಿಜಾರಲ್ಲೂ ಕಾಲು ಕೆಲಸ ಮಾಡಬೇಕು, ಚಕ್ರ ಓಡಿಹೋಗದಂತೆ ತಡೆಯೋಕೆ. ಮಧ್ಯೆ ಹೊಟ್ಟೆ, ಸೊಂಟ, ಬೆನ್ನು ಎಲ್ಲ ಪ್ರತಿ ಕ್ಷಣ ಸಣ್ಣ ಸಣ್ಣ ತಿದ್ದುಪಡಿ ಮಾಡ್ತಾನೇ ಇರ್ತಾವೆ. ಇದನ್ನು ಮಾಡುವಾಗ ಆಫೀಸ್ ನೆನಪಾಗಲ್ಲ, ನೆನಪಾದರೆ ಬೀಳ್ತೀರಿ. ನೋವು ಎಲ್ಲಿ ಅಂತೀರಾ? ಕೂರೋ ಜಾಗದಲ್ಲಿ. ಪ್ಯಾಡ್ ಇರೋ ಸೈಕ್ಲಿಂಗ್ ಚಡ್ಡಿ ಇಲ್ಲದೆ ಐದು ಕಿಲೋಮೀಟರ್ ದಾಟಬೇಡಿ, ಇದಕ್ಕಿಂತ ಬಿಡಿಸಿ ಹೇಳೋಕಾಗಲ್ಲ.

ಇನ್ನು ಟ್ರೈಲ್ ವಿಷಯ. ನಮ್ಮೂರಲ್ಲಿ ಸ್ಟೀವನ್ಸ್ ಕ್ರೀಕ್ ಟ್ರೈಲ್ ಅಂತ ಇದೆ. ತೊರೆಯ ಪಕ್ಕದಲ್ಲೇ ಡಾಂಬರು ದಾರಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದ ಶೋರ್‌ಲೈನ್ ಪಾರ್ಕಿನವರೆಗೆ ಹೋಗುತ್ತೆ. ಕಾರು ಇಲ್ಲ, ಸಿಗ್ನಲ್ ಇಲ್ಲ, ರೋಡುಗಳ ಕೆಳಗೆ ಅಂಡರ್‌ಪಾಸ್, ಹೆದ್ದಾರಿ 85ರ ಮೇಲೆ ಸೇತುವೆ. ಒಂದು ಕಡೆ ಮಾಫೆಟ್ ಫೀಲ್ಡ್ ವಿಮಾನ ನಿಲ್ದಾಣದ ಹ್ಯಾಂಗರ್ ಒನ್ ಅನ್ನೋ ದೈತ್ಯ ಶೆಡ್ಡು ಬೆಟ್ಟದ ಹಾಗೆ ಕಾಣುತ್ತೆ. ಕೆಲಸಕ್ಕೆ ಹೋಗೋ ಸೈಕಲ್‌ನವರು, ಓಡೋರು, ಮಕ್ಕಳ ಗಾಡಿ ತಳ್ಳೋ ತಾಯಂದಿರು, ನಾಯಿ ಹಿಡಿದವರು, ಎಲ್ಲರೂ ಅದರಲ್ಲೇ. ವೇಗದ ಮಿತಿ ಗಂಟೆಗೆ 15 ಮೈಲಿ, ಅದು ನನಗೆ ಮುಟ್ಟೋಕೂ ಆಗಲ್ಲ.

ಮತ್ತೆ ಇನ್ನೊಂದು ಗುಂಪು ಇದೆ, ನಮ್ಮವರು. ಮಗನ ಮನೆಗೋ ಮಗಳ ಬಾಣಂತನಕ್ಕೋ ಆರು ತಿಂಗಳಿಗೆ ಬಂದ ಅಪ್ಪ ಅಮ್ಮಂದಿರು. ಸಂಜೆ ಐದಾದರೆ ಸ್ವೆಟರ್, ಮಫ್ಲರ್, ಬಿಳಿ ಸ್ಪೋರ್ಟ್ಸ್ ಶೂ. ಮೂವರು ಸಾಲಾಗಿ, ಮಾತಾಡ್ತಾ, ದಾರಿಯ ಎಡಗಡೆ. ನಮ್ಮ ದೇಶದಲ್ಲಿ ಎಡಗಡೆ ಹೋಗಿ ಅಭ್ಯಾಸ ಅಲ್ವಾ, ಇಲ್ಲಿ ಎಲ್ಲ ಬಲಗಡೆ.

ಹಿಂದಿನಿಂದ ದಾಟುವಾಗ "ಆನ್ ಯುವರ್ ಲೆಫ್ಟ್" ಅಂತ ಕೂಗೋದು ಇಲ್ಲಿನ ಪದ್ಧತಿ. ನಿಮ್ಮ ಎಡಗಡೆಯಿಂದ ಬರ್ತಾ ಇದೀನಿ ಅಂತ ಅರ್ಥ. ಒಂದು ದಿನ ಮುಂದೆ ವಯಸ್ಸಾದ ದಂಪತಿ ನಡೆದು ಹೋಗ್ತಿದ್ರು, ಅಪರೂಪಕ್ಕೆ ಸರಿಯಾಗಿ ಬಲಗಡೆಯೇ. ನಾನು ಹತ್ತು ಹೆಜ್ಜೆ ಹಿಂದಿದ್ದಾಗ ಕೂಗಿದೆ. ಯಜಮಾನರು "ಲೆಫ್ಟ್" ಅನ್ನೋದು ಕೇಳಿಸಿಕೊಂಡು ಠಪ್ಪಂತ ಎಡಕ್ಕೆ ಬಂದರು, ನನ್ನ ಚಕ್ರದ ಮುಂದಕ್ಕೇ. ನಾನು ಮುಂದಕ್ಕೆ ಹಾರಿ ಓಡುತ್ತಾ ಇಳಿದೆ, ಯೂನಿಸೈಕಲ್ ಹಿಂದೆ ದಡಾರ್ ಅಂತ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಅಮ್ಮ ಎದೆ ಮೇಲೆ ಕೈ ಇಟ್ಟುಕೊಂಡಿದ್ದು ನೋಡಿ ನನಗೆ ಬೆವರು ಬಂತು. ಯಜಮಾನರು ಹೆಂಡತಿಗೆ ಮೆಲ್ಲಗೆ ಹೇಳಿದರು: "ಸರ್ಕಸ್ ಇವನದು, ಸಾಯೋದು ನಾವು."

"ತಪ್ಪಾಯ್ತು ಸಾರ್," ಅಂದೆ.

ಅವರ ಮುಖ ನೋಡಬೇಕಿತ್ತು. ಹಾಸನದ ಕಡೆಯವರು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬೈದಿದ್ದು ನನಗೆ ಗೊತ್ತಾಯ್ತು ಅಂತ ನಾಚಿಕೆ ಪಟ್ಟುಕೊಳ್ಳೋ ಪೈಕಿ ಅಲ್ಲ. "ಅಲ್ರೀ, ಲೆಫ್ಟ್ ಅಂದ್ರೆ ಲೆಫ್ಟಿಗೆ ಹೋಗಿ ಅಂತ ತಾನೇ? ನಿಮಗೆ ದಾರಿ ಬೇಕಾದ್ರೆ ರೈಟಿಗೆ ಹೋಗಿ ಅನ್ಬೇಕಪ್ಪಾ," ಅಂತ ಪಾಠ ಮಾಡಿದರು. ಎದುರು ವಾದ ಮಾಡೋಕೆ ಏನೂ ಇರಲಿಲ್ಲ.

ಆವತ್ತು ರಾತ್ರಿ ಯೋಚನೆ ಮಾಡಿದೆ. ಕಾಲ ಮೇಲೆ ಇಳಿಯೋಕೆ ನನಗೆ ಬರುತ್ತೆ, ನಾನು ಬಿದ್ದರೆ ನನಗೇನೂ ಆಗಲ್ಲ. ಆದರೆ ಒಂಟಿ ಚಕ್ರದಲ್ಲಿ ನಿಂತ ಕಡೆ ನಿಲ್ಲೋಕಾಗಲ್ಲ, ಗಕ್ಕನೆ ಪಕ್ಕಕ್ಕೆ ಸರಿಯೋಕೂ ಆಗಲ್ಲ. ನಾನು ಬರೋದು ಸದ್ದೇ ಇಲ್ಲದೆ, ಅರ್ಧ ಅಡಿ ಆ ಕಡೆ ಈ ಕಡೆ ತೂಗಾಡ್ತಾ. ಮುಂದೆ ಇರೋರಿಗೆ ನಾನು ಎಲ್ಲಿಗೆ ಬರ್ತೀನಿ ಅಂತ ತಿಳಿಯೋದಾದರೂ ಹೇಗೆ? ಮೊದಮೊದಲು ಮಧ್ಯದಲ್ಲಿ ಇಳಿಯೋದು ನನಗೆ ಅವಮಾನ ಆಗ್ತಿತ್ತು, ಎಷ್ಟು ಕಿಲೋಮೀಟರ್ ಇಳಿಯದೆ ಹೋದೆ ಅಂತ ಬರೆದಿಟ್ಟುಕೊಳ್ತಿದ್ದೆ. ಆ ಲೆಕ್ಕ ಬಿಟ್ಟೆ. ದಾರಿ ಇಕ್ಕಟ್ಟಾದರೆ, ಚಿಕ್ಕ ಮಗು ಇದ್ದರೆ, ಉದ್ದ ಎಳೆಯೋ ಹಗ್ಗದ ನಾಯಿ ಇದ್ದರೆ, ಅಂಡರ್‌ಪಾಸಿನ ತಿರುವಲ್ಲಿ ಆ ಕಡೆ ಕಾಣದಿದ್ದರೆ, ಇಳಿದು ನಾಲ್ಕು ಹೆಜ್ಜೆ ನಡೆದು ಮತ್ತೆ ಹತ್ತೋದು. ಅದರಿಂದ ಹತ್ತೋದು ಚೆನ್ನಾಗಿ ಅಭ್ಯಾಸ ಆಯ್ತು, ಸುಸ್ತೂ ಜಾಸ್ತಿ ಆಯ್ತು, ಅದಕ್ಕೇ ತಾನೇ ಬಂದಿರೋದು.

ಮೇಷ್ಟ್ರ ಸಲಹೆ ಮೇಲೆ ಸೀಟಿನ ಮುಂದಿನ ಹಿಡಿಗೆ ಒಂದು ಹಳೇ ಕಾಲದ ಟ್ರಿಣ್ ಟ್ರಿಣ್ ಬೆಲ್ ಕಟ್ಟಿದೆ. ದೂರದಿಂದಲೇ ಎರಡು ಸಲ ಹೊಡೀತೀನಿ, ಹತ್ತಿರ ಬಂದ ಮೇಲೆ ಹೊಡೆದರೆ ಅದೂ ಗಾಬರಿಯೇ. ಇಯರ್‌ಫೋನ್ ಮನೇಲಿ ಬಿಟ್ಟೆ. ಎದುರಿಗೆ ಸೀರೆ, ಮಫ್ಲರ್ ಕಂಡರೆ "ನಮಸ್ಕಾರ, ಬಲಗಡೆ ಬನ್ನಿ" ಅಂತೀನಿ. ತೆಲುಗಿನವರಾದರೂ ತಮಿಳಿನವರಾದರೂ ಕೈ ಸನ್ನೆಗೆ ಅರ್ಥ ಆಗುತ್ತೆ.

ಒಂದು ತಮಾಷೆ. ಕ್ಯಾಲಿಫೋರ್ನಿಯಾದ ವಾಹನ ಕಾನೂನಲ್ಲಿ ಸೈಕಲ್ ಅಂದರೆ ಮನುಷ್ಯನ ಬಲದಿಂದ, ಬೆಲ್ಟೋ ಚೈನೋ ಗಿಯರೋ ಮೂಲಕ ಓಡುವ, ಒಂದು ಅಥವಾ ಹೆಚ್ಚು ಚಕ್ರದ ಸಾಧನ. ಒಂದು ಚಕ್ರ ಅಂತ ಬರೆದಿದಾರೆ ನೋಡಿ, ಸಂತೋಷ ಆಯ್ತು. ಆದರೆ ನನ್ನದರಲ್ಲಿ ಬೆಲ್ಟೂ ಇಲ್ಲ, ಚೈನೂ ಇಲ್ಲ, ಗಿಯರೂ ಇಲ್ಲ. ಹಾಗಾದರೆ ನಾನು ಯಾರು? ಇಷ್ಟು ದಿನ ಯಾರೂ ಕೇಳಿಲ್ಲ. ನಾನಂತೂ ಸೈಕಲ್‌ನವನ ನಿಯಮ ಪಾಲಿಸ್ತೀನಿ. ಬ್ಯಾಟರಿಯ ಒಂಟಿ ಚಕ್ರ ಬೇರೆ ಜಾತಿ, ಅದರ ಮೇಲೆ ನಿಂತು ಶರವೇಗದಲ್ಲಿ ಹೋಗೋರನ್ನು ನೋಡಿ ಜನ ನನಗೂ ಕೆಂಗಣ್ಣು ಬಿಡ್ತಾರೆ, ಅದೊಂದು ಬೇಜಾರು.

ಎರಡನೇ ವರ್ಷ ಮಣ್ಣಿನ ದಾರಿಗೂ ಹೋದೆ, ಕ್ಯೂಪರ್ಟಿನೋ ಪಕ್ಕದ ಫ್ರೀಮಾಂಟ್ ಓಲ್ಡರ್ ಗುಡ್ಡಕ್ಕೆ. ಅಲ್ಲಿ ನಡೆಯೋರು, ಸೈಕಲ್‌ನವರು, ಕುದುರೆ ಸವಾರರು ಮೂವರಿಗೂ ಒಂದೇ ದಾರಿ. ಸೈಕಲ್‌ನವರು ಎಲ್ಲರಿಗೂ ದಾರಿ ಬಿಡಬೇಕು, ನಡೆಯೋರು ಕುದುರೆಗೆ ಬಿಡಬೇಕು. ಯಾರನ್ನಾದರೂ ದಾಟುವಾಗ ಗಂಟೆಗೆ ಐದು ಮೈಲಿ ಮೀರುವಂತಿಲ್ಲ. ಒಂದು ತಿರುವಲ್ಲಿ ಕಂದು ಕುದುರೆ ಎದುರಾಯ್ತು. ಇಳಿದೆ, ಇಳಿಜಾರಿನ ಕಡೆ ಸರಿದು ನಿಂತೆ. ಕುದುರೆ ಕಿವಿ ನಿಮಿರಿಸಿ ಗಕ್ಕನೆ ನಿಂತಿತು. ಅದಕ್ಕೆ ನನ್ನ ಭಯ ಅಲ್ಲ, ನನ್ನ ಕೈಯಲ್ಲಿದ್ದ ಚಕ್ರದ ಭಯ. ಸವಾರಿ ಮಾಡ್ತಿದ್ದ ಹೆಂಗಸು "ಏನಾದರೂ ಮಾತಾಡಿ, ಮನುಷ್ಯ ಅಂತ ಅದಕ್ಕೆ ಗೊತ್ತಾಗಲಿ" ಅಂದರು. ಆ ಗಳಿಗೆಯಲ್ಲಿ ಇಂಗ್ಲಿಷ್ ಬಾಯಿಗೆ ಬರಬೇಕಲ್ಲ! "ಬಾ ಮರಿ, ಏನಿಲ್ಲ ಬಾ, ಹೆದರ್ಕೋಬೇಡ, ಇದು ಬರೀ ಚಕ್ರ" ಅಂತ ನಮ್ಮಜ್ಜಿ ಎಮ್ಮೆ ಹತ್ತಿರ ಮಾತಾಡಿದ ಹಾಗೆ ಮಾತಾಡಿದೆ. ಕಿವಿ ಸಡಿಲ ಆಯ್ತು. ನನ್ನನ್ನೇ ನೋಡ್ತಾ ಪಕ್ಕದಲ್ಲಿ ಟಕ್ ಟಕ್ ಅಂತ ಹೋಯ್ತು.

ಡಾಂಬರು ದಾರಿಯಲ್ಲಿ ಕುದುರೆ ಇಲ್ಲ, ಗಾಳಿ ಇದೆ. ಮಧ್ಯಾಹ್ನದ ಮೇಲೆ ಶೋರ್‌ಲೈನ್ ಕಡೆಯಿಂದ ಕೊಲ್ಲಿಯ ಗಾಳಿ ಬೀಸೋಕೆ ಶುರುವಾದರೆ ಎದುರಿಗೆ ಯಾರೋ ಎದೆ ಹಿಡಿದು ತಳ್ಳಿದ ಹಾಗೆ. ಒಂದೇ ಸಮ ಬೀಸಿದರೆ ಒರಗಿಕೊಂಡು ಹೋಗಬಹುದು, ಥಟ್ಟನೆ ನಿಂತಾಗಲೇ ಬೀಳೋದು. ಅದಕ್ಕೆ ಬೆಳಗ್ಗೆ ಏಳಕ್ಕೇ ಹೊರಡ್ತೀನಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎಂಟು ಹತ್ತು ಕಿಲೋಮೀಟರ್. ರಾತ್ರಿ ಅನ್ನ ಅರ್ಧ ಮಾಡಿದ್ದೂ ಸೇರಿಸಿ ಹೇಳಬೇಕು, ಇಲ್ಲದಿದ್ದರೆ ಹೆಂಡತಿಗೆ ಅನ್ಯಾಯ. ಕಳೆದ ಸಲ ಎಚ್‌ಬಿಎ1ಸಿ 5.6 ಇತ್ತು.

ಮೇಷ್ಟ್ರು ವಾಪಸ್ ಊರಿಗೆ ಹೊರಡೋ ಹಿಂದಿನ ದಿನ ಟ್ರೈಲಿನಲ್ಲಿ ಕಾದಿದ್ದರು. ಊರಲ್ಲಿ ತೋರಿಸೋಕೆ ಒಂದು ಫೋಟೋ ಬೇಕಂತೆ. ಯೂನಿಸೈಕಲ್ಲನ್ನು ಹಸು ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದು ನಿಂತರು, ಅಮ್ಮ ಫೋನ್ ಎತ್ತಿದರು, ನಾನು ಪಕ್ಕದಲ್ಲಿ. "ಇನ್ನೊಂದು ಚಕ್ರ ಎಲ್ಲಿ ಅಂತ ಕೇಳ್ತಾರಲ್ಲಪ್ಪಾ, ಏನು ಹೇಳೋಣ?" ಅಂದರು ಮೇಷ್ಟ್ರು. "ಕಂತು ಕಟ್ಟಿಲ್ಲ ಅಂತ ಕಿತ್ಕೊಂಡು ಹೋದ್ರು ಅನ್ನಿ ಮೇಷ್ಟ್ರೇ," ಅಂದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಸೈಕಲ್‌ನವನು "ಆನ್ ಯುವರ್ ಲೆಫ್ಟ್!" ಅಂತ ಕೂಗಿದ. ಮೇಷ್ಟ್ರು ನನ್ನ ತೋಳು ಹಿಡಿದು ಬಲಕ್ಕೆ ಎಳೆದರು. ಫೋಟೋದಲ್ಲಿ ಇಬ್ಬರೂ ವಾಲಿಕೊಂಡಿದ್ದೀವಿ, ಚಕ್ರ ಮಾತ್ರ ನೆಟ್ಟಗಿದೆ.