ಪ್ರಣಯ ಕಾದಂಬರಿಯಿಂದ ಹದಿಹರೆಯದ ಕಾದಂಬರಿಗೆ: ಲೇಖಕರು ಹೊರಳುವುದು ಹೇಗೆ?

ವಯಸ್ಕರಿಗಾಗಿ ಪ್ರಣಯ ಕಾದಂಬರಿಗಳನ್ನು ಬರೆದು ಕೈ ಪಳಗಿದವರು ಹದಿಹರೆಯದ ಓದುಗರತ್ತ ಹೊರಳುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ಲೇಖಕಿ ಮೆಗ್ ಕ್ಯಾಬಟ್ ಮೊದಲು ಪ್ಯಾಟ್ರಿಷಿಯಾ ಕ್ಯಾಬಟ್ ಎಂಬ ಹೆಸರಿನಲ್ಲಿ ಐತಿಹಾಸಿಕ ಪ್ರಣಯ ಕಾದಂಬರಿಗಳನ್ನು ಪ್ರಕಟಿಸಿದ್ದರು. 2000ದಲ್ಲಿ ಬಂದ, ಹದಿಹರೆಯದ ಹುಡುಗಿಯೊಬ್ಬಳ ದಿನಚರಿಯ ರೂಪದ ಕಾದಂಬರಿ ಅವರನ್ನು ಮನೆಮಾತಾಗಿಸಿತು. ಪ್ರಣಯ ಕಥೆಗಳಿಗೇ ಹೆಸರಾದ ಹಾರ್ಲೆಕ್ವಿನ್ ಪ್ರಕಾಶನ ಸಂಸ್ಥೆಯೂ 2009ರಲ್ಲಿ ಈ ವಯೋಮಾನದವರಿಗೆಂದೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ದಾರಿ ಇದೆ ಎಂಬುದು ನಿಜ. ಆದರೆ ಪಾತ್ರಗಳ ವಯಸ್ಸನ್ನು ಹತ್ತು ವರ್ಷ ಇಳಿಸಿ, ಮಲಗುವ ಕೋಣೆಯ ದೃಶ್ಯಗಳನ್ನು ಕತ್ತರಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರು ಆ ದಾರಿಯಲ್ಲಿ ಬಹು ದೂರ ಸಾಗಲಾರರು.

ಓದುಗರ ವಯಸ್ಸನ್ನು ಮೊದಲೇ ನಿಶ್ಚಯಿಸಿಕೊಳ್ಳಿ

ಯಂಗ್ ಅಡಲ್ಟ್ ಎಂದು ಕರೆಯಲಾಗುವ ಕಾದಂಬರಿಗಳು ಸಾಮಾನ್ಯವಾಗಿ 12ರಿಂದ 18 ವರ್ಷದವರನ್ನು ಉದ್ದೇಶಿಸಿ ಬರೆದವು. ಅವುಗಳ ಮುಖ್ಯ ಪಾತ್ರಗಳು ಹೆಚ್ಚಾಗಿ 15ರಿಂದ 18ರ ಆಸುಪಾಸಿನಲ್ಲಿರುತ್ತವೆ, ಏಕೆಂದರೆ ಎಳೆಯ ಓದುಗರು ತಮಗಿಂತ ತುಸು ದೊಡ್ಡವರ ಬಗ್ಗೆ ಓದಲು ಇಷ್ಟಪಡುತ್ತಾರೆ. 8ರಿಂದ 12 ವರ್ಷದ ಮಕ್ಕಳ ಕಾದಂಬರಿ ಬೇರೆಯೇ ಒಂದು ಪ್ರಕಾರ. ಕಾಲೇಜು, ಮೊದಲ ನೌಕರಿ, ಮೊದಲ ಬಾಡಿಗೆ ಮನೆಯ ಸುತ್ತ ಹೆಣೆದ ಕಥೆಗಳನ್ನು ನ್ಯೂ ಅಡಲ್ಟ್ ಎನ್ನುತ್ತಾರೆ. 2009ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆ ಸೇಂಟ್ ಮಾರ್ಟಿನ್ಸ್ ಪ್ರೆಸ್ ನಡೆಸಿದ ಸ್ಪರ್ಧೆಯೊಂದರ ನಂತರ ಈ ಹೆಸರು ಬಳಕೆಗೆ ಬಂತು. ನಿಮ್ಮ ಮನಸ್ಸಿನಲ್ಲಿರುವ ಕಥೆಗೆ ದೈಹಿಕ ಸಾಮೀಪ್ಯದ ವಿವರ ಅನಿವಾರ್ಯವಾಗಿದ್ದರೆ, ಅದನ್ನು ಬಲವಂತವಾಗಿ ಶಾಲೆಯ ಅಂಗಳಕ್ಕೆ ಎಳೆದು ತರುವ ಬದಲು ಈ ಕೊನೆಯ ಪ್ರಕಾರದಲ್ಲಿ ಬರೆಯುವುದೇ ಪ್ರಾಮಾಣಿಕವಾದ ಆಯ್ಕೆ.

ಕಥೆಯ ಕೇಂದ್ರವನ್ನು ಬದಲಾಯಿಸಿ

ಪ್ರಣಯ ಕಾದಂಬರಿಯು ಓದುಗರಿಗೆ ಎರಡು ಮಾತು ಕೊಟ್ಟಿರುತ್ತದೆ: ಕಥೆಯ ನಡುವೆ ಪ್ರೀತಿಯೇ ಇರುತ್ತದೆ, ಮತ್ತು ಕೊನೆಯಲ್ಲಿ ಆ ಜೋಡಿಗೆ ಒಳ್ಳೆಯದಾಗುತ್ತದೆ. ಹದಿಹರೆಯದ ಕಾದಂಬರಿ ಈ ಎರಡಕ್ಕೂ ಬದ್ಧವಲ್ಲ. ಅಲ್ಲಿ ಕಥೆಯನ್ನು ಮುನ್ನಡೆಸುವುದು 'ನಾನು ಎಂಥವಳಾಗುತ್ತಿದ್ದೇನೆ' ಎಂಬ ಪ್ರಶ್ನೆ; ಪ್ರೀತಿ ಆ ಪ್ರಶ್ನೆಯನ್ನು ಹರಿತಗೊಳಿಸಬಹುದು, ಆದರೆ ಅದಕ್ಕೆ ಉತ್ತರವಾಗಿ ನಿಲ್ಲಬಾರದು. ಸ್ನೇಹ ಮುರಿದುಬೀಳುವುದು, ಹೆತ್ತವರ ಬಗೆಗಿನ ನಂಬಿಕೆ ಸಡಿಲವಾಗುವುದು, ತನ್ನ ಶಕ್ತಿ ಯಾವುದೆಂದು ಮೊದಲ ಬಾರಿಗೆ ಅರಿವಾಗುವುದು ಇವೆಲ್ಲ ಪ್ರೀತಿಯಷ್ಟೇ ತೂಕದ ಘಟನೆಗಳು. ಕಥಾಸಾರಾಂಶವನ್ನು ಒಂದು ಪುಟದಲ್ಲಿ ಬರೆದು, ಅದರಿಂದ ಪ್ರೇಮಪ್ರಸಂಗವನ್ನು ಸಂಪೂರ್ಣವಾಗಿ ತೆಗೆದು ನೋಡಿ. ಉಳಿದದ್ದು ಒಂದು ಕಥೆಯಾಗಿ ನಿಲ್ಲದಿದ್ದರೆ ಕೇಂದ್ರ ಇನ್ನೂ ಹಳೆಯ ಜಾಗದಲ್ಲೇ ಇದೆ. ಅಂತ್ಯದ ವಿಷಯದಲ್ಲೂ ಅಷ್ಟೇ: ಹದಿನೇಳರ ಜೋಡಿಗೆ ಜೀವನಪರ್ಯಂತದ ಬಂಧನವನ್ನು ಕರುಣಿಸುವುದಕ್ಕಿಂತ, ಸದ್ಯಕ್ಕೆ ಇಬ್ಬರೂ ನೆಮ್ಮದಿಯಿಂದಿದ್ದಾರೆ ಎಂಬಲ್ಲಿಗೆ ನಿಲ್ಲಿಸುವುದು ಹೆಚ್ಚು ನಂಬುವಂತಿರುತ್ತದೆ.

ನಿರೂಪಣೆಯಿಂದ ಹಿರಿಯರನ್ನು ಹೊರಗಿಡಿ

ಅತ್ಯಂತ ಕಷ್ಟದ ಹೆಜ್ಜೆ ಇದು, ಮತ್ತು ಹೆಚ್ಚು ಸಮಯವನ್ನು ಬೇಡುವುದೂ ಇದೇ. ಪ್ರಣಯ ಕಾದಂಬರಿಯ ನಿರೂಪಣೆ ಹಲವು ವೇಳೆ ನಾಯಕ, ನಾಯಕಿ ಇಬ್ಬರ ಮನಸ್ಸಿನೊಳಗೂ ಸರದಿಯಂತೆ ಹೋಗಿಬರುತ್ತದೆ, ಮತ್ತು ಅದಕ್ಕೆ ಬದುಕನ್ನು ಕಂಡವರ ಸಮಾಧಾನವಿರುತ್ತದೆ. ಹದಿಹರೆಯದ ಕಾದಂಬರಿಗಳಲ್ಲಿ ಪಾತ್ರವೇ 'ನಾನು' ಎಂದು ಕಥೆ ಹೇಳುವ ಉತ್ತಮ ಪುರುಷ ನಿರೂಪಣೆ ಬಹಳ ಸಾಮಾನ್ಯ. ಹಾಗಾಗಿ ಎದುರಿನವರ ಮನಸ್ಸು ಮುಚ್ಚಿಯೇ ಇರುತ್ತದೆ. ಒಂದು ಸನ್ನಿವೇಶವನ್ನು ನೋಡೋಣ: ಹುಡುಗಿ ಸಂದೇಶ ಕಳುಹಿಸಿದ್ದಾಳೆ, ಉತ್ತರ ಬಂದಿಲ್ಲ. ಹಳೆಯ ಅಭ್ಯಾಸದ ಕೈ ಹೀಗೆ ಬರೆದೀತು: 'ಅವನು ಉತ್ತರಿಸಲಿಲ್ಲ. ಮೊದಲ ಪ್ರೀತಿಯ ತಳಮಳ ಎಷ್ಟು ಬೇಗ ಮರೆತುಹೋಗುತ್ತದೆಂದು ಅವಳಿಗೆ ಆಗಿನ್ನೂ ತಿಳಿದಿರಲಿಲ್ಲ.' ಇಲ್ಲಿ ಮಾತಾಡುತ್ತಿರುವುದು ಹುಡುಗಿಯಲ್ಲ, ಅವಳ ತಲೆಯ ಮೇಲಿಂದ ಇನ್ನೊಬ್ಬ ವಯಸ್ಕರಿಗೆ ಕಣ್ಣು ಮಿಟುಕಿಸುತ್ತಿರುವ ಲೇಖಕರು. ಅದೇ ಗಳಿಗೆಯನ್ನು ಅವಳಿಗೇ ಬಿಟ್ಟುಕೊಟ್ಟರೆ: 'ಓದಿದ್ದಾನೆ. ಹನ್ನೊಂದು ನಿಮಿಷವಾಯಿತು. ಕೊನೆಯಲ್ಲಿ ಆ ನಗುಮುಖ ಹಾಕಬಾರದಿತ್ತಾ? ಈಗ ಅಳಿಸಿದರೆ, ಅಳಿಸಿದ್ದೂ ಅವನಿಗೆ ಗೊತ್ತಾಗುತ್ತದೆ. ನಾಳೆ ಅವನ ಬೆಂಚಿನ ಪಕ್ಕದಲ್ಲೇ ಹಾದು ಹೋಗಬೇಕು.' ಎರಡನೆಯದರಲ್ಲಿ ಆ ಹನ್ನೊಂದು ನಿಮಿಷಗಳಿಗೆ ಆಚೆ ಏನೂ ಇಲ್ಲ, ಮತ್ತು ಆ ವಯಸ್ಸಿಗೆ ಅದೇ ನಿಜ. ಕರಡನ್ನು ತಿದ್ದುವಾಗ 'ಆಗ ತಿಳಿದಿರಲಿಲ್ಲ', 'ಮುಂದೊಂದು ದಿನ ಅರ್ಥವಾಯಿತು' ಎಂಬಂಥ ವಾಕ್ಯಗಳನ್ನು ಗುರುತಿಸಿ, ಒಂದೊಂದನ್ನೂ ಅನುಮಾನದಿಂದ ಪರಿಶೀಲಿಸಿ.

ಎಳೆಯರ ಆಡುಮಾತನ್ನು ಅನುಕರಿಸುವ ಆಸೆಯನ್ನೂ ಹತ್ತಿಕ್ಕಿಕೊಳ್ಳಬೇಕು. ಇಂದಿನ ಚಾಲ್ತಿಯ ಪದ ಹಸ್ತಪ್ರತಿ ಅಚ್ಚಾಗಿ ಅಂಗಡಿಗೆ ಬರುವಷ್ಟರಲ್ಲಿ ಹಳಸಿರುತ್ತದೆ.

ನಾಯಕನ ನಡವಳಿಕೆಯನ್ನು ಮತ್ತೆ ತೂಗಿ ನೋಡಿ

ವಯಸ್ಕ ಪ್ರಣಯ ಕಥೆಗಳಲ್ಲಿ ಹಟಮಾರಿಯಾದ, ಅಸೂಯೆಪಡುವ, ಬೇಡವೆಂದರೂ ಬೆನ್ನು ಬಿಡದ ನಾಯಕನನ್ನು ಓದುಗರು ಕಲ್ಪನೆಯೆಂದು ತಿಳಿದೇ ಸವಿಯಬಹುದು. ಪ್ರೀತಿ ಹೇಗಿರುತ್ತದೆಂದು ಮೊದಲ ಬಾರಿಗೆ ಪುಸ್ತಕದಲ್ಲಿ ಕಾಣುತ್ತಿರುವ ಹದಿಮೂರರ ಓದುಗರಿಗೆ ಆ ಅಂತರ ಸಿಕ್ಕಿರುವುದಿಲ್ಲ. ಹಾಗೆಂದು ಇಂಥ ಹುಡುಗ ಕಥೆಯಲ್ಲಿ ಇರಲೇಬಾರದೆಂದಲ್ಲ. ಅವನ ವರ್ತನೆಯನ್ನು ಕಥೆಯೇ ಪ್ರೀತಿಯ ಲಕ್ಷಣವೆಂದು ಮೆಚ್ಚಬಾರದು ಎಂಬುದಷ್ಟೇ ನನ್ನ ವಾದ. ಒಪ್ಪಿಗೆ ಕೇಳುವುದನ್ನು ಉಪದೇಶವಾಗಿಸದೆ ದೃಶ್ಯದೊಳಗೇ ತನ್ನಿ: ಹಿಂಜರಿದು ಕೇಳುವ ಒಂದು ಪ್ರಶ್ನೆ, ಸ್ವಲ್ಪ ತಡವಾಗಿ ಬರುವ ಉತ್ತರ ಸ್ಪರ್ಶಕ್ಕಿಂತ ಹೆಚ್ಚಿನ ತುಡಿತವನ್ನು ಹುಟ್ಟಿಸಬಲ್ಲವು. ತುಡಿತವನ್ನು ಕಾಯಿಸುವುದು, ಸಂಭಾಷಣೆಯಲ್ಲಿ ಕಿಡಿ ಹೊತ್ತಿಸುವುದು ಪ್ರಣಯ ಲೇಖಕರು ಈಗಾಗಲೇ ಕರಗತ ಮಾಡಿಕೊಂಡ ವಿದ್ಯೆಗಳು. ಹೊಸ ಬರವಣಿಗೆಗೆ ಅವರು ತರುವ ದೊಡ್ಡ ಬಂಡವಾಳ ಇದೇ.

ಸಮಸ್ಯೆ ಬಿಗಡಾಯಿಸಿದಾಗ ತಾಯಿಯೋ ಶಿಕ್ಷಕರೋ ಬಂದು ಬಿಡಿಸಿಬಿಡುವುದನ್ನು ತಪ್ಪಿಸಿ. ತಪ್ಪಾದರೂ ಸರಿ, ನಿರ್ಧಾರ ಆ ಹುಡುಗಿಯದೇ ಆಗಿರಲಿ.

ಒಪ್ಪಂದ ಮತ್ತು ಕಾವ್ಯನಾಮ

ಬರೆಯಲು ಕೂರುವ ಮೊದಲು ಈಗಿನ ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದವನ್ನು ಓದಿಕೊಳ್ಳಿ. ಮುಂದಿನ ಕೃತಿಯನ್ನು ಮೊದಲು ತಮಗೇ ತೋರಿಸಬೇಕೆಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಅದು ಪ್ರಣಯ ಕಾದಂಬರಿಗೆ ಮಾತ್ರ ಅನ್ವಯವೋ, ನೀವು ಬರೆಯುವ ಎಲ್ಲಕ್ಕೂ ಅನ್ವಯವೋ ಎಂಬುದು ಮುಖ್ಯ. ನಿಮ್ಮ ಹಳೆಯ ಪುಸ್ತಕಗಳು ವಯಸ್ಕರಿಗೇ ಮೀಸಲಾದ ವಿವರಗಳಿಂದ ಕೂಡಿದ್ದರೆ ಬೇರೆ ಕಾವ್ಯನಾಮ ಒಳ್ಳೆಯದು, ಏಕೆಂದರೆ ಹೊಸ ಪುಸ್ತಕ ಮೆಚ್ಚಿದ ಬಾಲಕಿ ಅದೇ ಹೆಸರಿನ ಉಳಿದೆಲ್ಲವನ್ನೂ ಹುಡುಕುತ್ತಾಳೆ, ಮತ್ತು ಹೆತ್ತವರೂ ಗ್ರಂಥಪಾಲಕರೂ ಅವಳಿಗಿಂತ ಮೊದಲೇ ಹುಡುಕಿರುತ್ತಾರೆ. ಹಳೆಯ ಓದುಗರನ್ನು ಕಳೆದುಕೊಳ್ಳಲು ಇಷ್ಟವಿಲ್ಲದಿದ್ದರೆ ಎರಡು ಹೆಸರುಗಳ ನಂಟನ್ನು ಬಹಿರಂಗವಾಗಿಯೇ ಇಡಬಹುದು. ಮುಖಪುಟದ ಹೆಸರು ಬೇರೆಯಾಗಿದ್ದರೆ ಸಾಕು. ಗಾತ್ರದ ಮಟ್ಟಿಗೆ, ವಾಸ್ತವಿಕ ಕಥೆಗೆ ಇಂಗ್ಲಿಷ್ ಪ್ರಕಾಶನದಲ್ಲಿ 50,000ದಿಂದ 80,000 ಪದಗಳು ರೂಢಿ.

ಕರಡನ್ನು ಎಳೆಯರ ಕೈಗೆ ಕೊಡಿ

ಸಹಲೇಖಕರ ಅಭಿಪ್ರಾಯ ಇಲ್ಲಿ ಸಾಲದು. ಹೆತ್ತವರ ಒಪ್ಪಿಗೆ ಪಡೆದು, ನಿಮ್ಮ ಪಾತ್ರದ ವಯಸ್ಸಿನವರಿಗೂ ಅದಕ್ಕಿಂತ ಒಂದೆರಡು ವರ್ಷ ಚಿಕ್ಕವರಿಗೂ ಹಸ್ತಪ್ರತಿಯನ್ನು ಓದಲು ಕೊಡಿ. 'ಇಷ್ಟವಾಯಿತೇ' ಎಂದು ಕೇಳಿದರೆ ಮರ್ಯಾದೆಗೆ ಹೌದೆನ್ನುತ್ತಾರೆ. ಅದರ ಬದಲು, ಓದು ನಿಲ್ಲಿಸಿ ಫೋನ್ ಎತ್ತಿಕೊಂಡ ಜಾಗದಲ್ಲೂ 'ನಮ್ಮಲ್ಲಿ ಯಾರೂ ಹೀಗೆ ಹೇಳುವುದಿಲ್ಲ' ಎನ್ನಿಸಿದ ಜಾಗದಲ್ಲೂ ಅಂಚಿನಲ್ಲಿ ಪೆನ್ಸಿಲಿನ ಗೆರೆ ಎಳೆಯಲು ಹೇಳಿ. ಇಬ್ಬರು ಓದುಗರ ಗೆರೆ ಒಂದೇ ಪುಟದಲ್ಲಿ ಬಿದ್ದಿದ್ದರೆ, ಆ ಪುಟ ನಿಮಗೆ ಎಷ್ಟೇ ಪ್ರಿಯವಾಗಿದ್ದರೂ ಮುಂದಿನ ಕರಡಿನ ಕೆಲಸ ಅಲ್ಲಿಂದಲೇ ಆರಂಭವಾಗಬೇಕು.