ಎಕ್ಸ್‌ರೇ ಸರಿ ಇದೆ, ಮತ್ತೆ ಮಾತ್ರೆ ಯಾಕೆ?

ಸುಪ್ತ ಟಿಬಿ ಇದ್ದವರ ಎದೆಯ ಎಕ್ಸ್‌ರೇ ಸಾಮಾನ್ಯವಾಗಿ ನಾರ್ಮಲ್ಲೇ ಇರುತ್ತದೆ. ರೋಗಾಣು ಮೈಯಲ್ಲಿದೆ, ಆದರೆ ಕೆಮ್ಮಿಲ್ಲ, ಜ್ವರವಿಲ್ಲ, ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಸೋಂಕು ತಗುಲಿದೆಯಾ ಎಂದು ತಿಳಿಯಲು ಚರ್ಮದ ಪರೀಕ್ಷೆಯಾದ ಮಾಂಟೂ ಚುಚ್ಚುತ್ತೇವೆ, ಇಲ್ಲವೇ ಇಗ್ರಾ ರಕ್ತಪರೀಕ್ಷೆ ಮಾಡಿಸುತ್ತೇವೆ. ಆದರೆ ಆ ಸೋಂಕು ಮಲಗಿದೆಯೋ ಎದ್ದಿದೆಯೋ ಎಂದು ಇವೆರಡೂ ಹೇಳುವುದಿಲ್ಲ. ಟಿಬಿ ರೋಗಿಯ ಮನೆಯವರಿಗೆ ನಾನು ಎಕ್ಸ್‌ರೇ ತೆಗೆಸುವುದು ಅದಕ್ಕೇ.

ಸುಪ್ತ ಸೋಂಕು ಮುಂದೆ ರೋಗವಾಗದಂತೆ ತಡೆಯಲು ಆರು ತಿಂಗಳು ದಿನಾ ಐಸೋನಿಯಾಜಿಡ್ ಮಾತ್ರೆ ಕೊಡುತ್ತೇವೆ. ಇಲ್ಲವೇ ಅದರ ಜೊತೆ ರಿಫಾಪೆಂಟಿನ್ ಸೇರಿಸಿ ವಾರಕ್ಕೊಮ್ಮೆಯಂತೆ 12 ವಾರ. ಸಕ್ರಿಯ ಟಿಬಿ, ಅಂದರೆ ಎದ್ದ ರೋಗ, ಇದ್ದವರಿಗೆ ಇಷ್ಟೇ ಕೊಟ್ಟರೆ ಸಾಲದು. ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯವೂ ಉಂಟು.

ಶಿಬಿರಗಳಲ್ಲಿ ಈಗ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಬಂದಿದೆ. ಚಿತ್ರ ನೋಡಿ ಟಿಬಿ ಇರುವ ಸಂಭವ ಎಷ್ಟು ಎಂದು ಕಂಪ್ಯೂಟರೇ ಅಂಕ ಹಾಕುತ್ತದೆ. ಒಳ್ಳೆಯದೇ. ಆದರೆ ಅದು ಎಂದೋ ವಾಸಿಯಾದ ಕಲೆಗೂ ಜಾಸ್ತಿ ಅಂಕ ಕೊಡುವುದುಂಟು, ಹಾಗಾಗಿ ಅಂಥ ಚಿತ್ರಗಳನ್ನು ನಾನೇ ಮತ್ತೆ ನೋಡುತ್ತೇನೆ. ಸುಣ್ಣ ಕಟ್ಟಿ ಬೆಳ್ಳಗಾದ, ಅಂಚು ಸ್ಪಷ್ಟವಾಗಿರುವ ಪುಟ್ಟ ಗಂಟಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಶ್ವಾಸಕೋಶದ ಮೇಲ್ತುದಿಯಲ್ಲಿ ಅಂಚು ಮಸುಕಾದ ನೆರಳು ಕಂಡರೆ ಹಾಗೇ ಬಿಟ್ಟು ಮುಂದೆ ಹೋಗುವುದಿಲ್ಲ. ಒಂದೇ ಫಿಲ್ಮ್ ನೋಡಿ ಅದು ಹಳೆಯದೋ ಹೊಸದೋ ಎಂದು ಹೇಳುವುದು ಕಷ್ಟ. "ಹಿಂದೆ ಯಾವಾಗಾದ್ರೂ ಎಕ್ಸ್‌ರೇ ತೆಗೆಸಿದ್ರಾ?" ಎಂದು ಕೇಳುತ್ತೇನೆ. ನಮ್ಮ ಜನ ಇಂಥದ್ದನ್ನು ಬಿಸಾಡುವುದಿಲ್ಲ, ಬೀರುವಿನ ಮೇಲಿಂದ ಹುಡುಕಿ ತರುತ್ತಾರೆ. ಎರಡರಲ್ಲೂ ನೆರಳು ಒಂದೇ ಥರ ಇದ್ದರೆ ಅರ್ಧ ಸಮಾಧಾನ. ಬದಲಾಗಿದ್ದರೆ, ಅಥವಾ ಹಳೆಯದು ಸಿಗದಿದ್ದರೆ, ಕಫ ಸಿಬಿನ್ಯಾಟ್‌ಗೆ, ಅಂದರೆ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆಗೆ, ಹೋಗುತ್ತದೆ. ಉತ್ತರ ಬರುವ ತನಕ ತಡೆ ಮಾತ್ರೆ ಶುರು ಮಾಡುವುದಿಲ್ಲ.

ದೇಹದೊಳಗೆ ಎಲ್ಲಿ ಚಟುವಟಿಕೆ ಜಾಸ್ತಿ ಇದೆ ಎಂದು ತೋರಿಸುವ ಪೆಟ್-ಸಿಟಿ ಸ್ಕ್ಯಾನ್ ಎಕ್ಸ್‌ರೇಗಿಂತ ಇನ್ನೂ ಸೂಕ್ಷ್ಮ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಚ್‌ಐವಿ ಜೊತೆ ಸುಪ್ತ ಟಿಬಿಯೂ ಇದ್ದ 35 ಜನರನ್ನು ಸ್ಕ್ಯಾನ್ ಮಾಡಿದರು. ಯಾರಿಗೂ ಲಕ್ಷಣಗಳಿರಲಿಲ್ಲ. ಆದರೂ 10 ಜನರಲ್ಲಿ ರೋಗ ಏಳುತ್ತಿರುವ ಸುಳಿವು ಸಿಕ್ಕಿತು. ಅಂದರೆ ಮಲಗಿದ್ದು, ಎದ್ದದ್ದು ಎಂಬ ಗೆರೆ ನಾವಂದುಕೊಂಡಷ್ಟು ನೇರವಿಲ್ಲ. ಆದರೆ ಆ ಸ್ಕ್ಯಾನಿನ ಖರ್ಚು ಮನೆಮಂದಿಗೆಲ್ಲ ಆಗುವಂಥದ್ದಲ್ಲ.

"ಎಕ್ಸ್‌ರೇ ಸರಿ ಇದೆ ಅಂತೀರಿ, ಮತ್ತೆ ಮಾತ್ರೆ ಯಾಕೆ ಡಾಕ್ಟ್ರೇ?" ಈ ಪ್ರಶ್ನೆ ತಪ್ಪಿದ್ದಲ್ಲ. "ಸರಿ ಇರೋದಕ್ಕೇ ಈ ಮಾತ್ರೆ ಅಮ್ಮಾ, ಇಲ್ಲದಿದ್ರೆ ಬೇರೆ ಚಿಕಿತ್ಸೆ ಕೊಡ್ತಿದ್ದೆ" ಎನ್ನುತ್ತೇನೆ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಮುಂದೆಂದಾದರೂ ರೋಗ ಬರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಎಕ್ಸ್‌ರೇ ನೋಡುವುದಕ್ಕಿಂತ ಈ ಮಾತಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ.