ಕಂಪನಿ ಬಿಟ್ಟು ವಿಶ್ವವಿದ್ಯಾಲಯದ ಆಡಳಿತಕ್ಕೆ ಬರುವವರಿಗೆ

ನಾನು ಮೊದಲು ಸರಕು ಸಾಗಣೆ ಕಂಪನಿಯಲ್ಲಿದ್ದೆ. ಯಾವ ಗಾಡಿ ಯಾವ ಗೋದಾಮಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ನೋಡಿಕೊಳ್ಳುವ ಕೆಲಸ. ಈಗ ಒಂದು ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಲ್ಲಿ ತರಗತಿ ಮತ್ತು ಪರೀಕ್ಷೆಗಳ ವೇಳಾಪಟ್ಟಿ ನನ್ನದು. "ಪಾಠ ಮಾಡೋಕೆ ಬರಲ್ಲ, ಪಿಎಚ್‌ಡಿ ಇಲ್ಲ, ನಮಗೇನಿದೆ ಅಲ್ಲಿ?" ಅಂತ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಡೀನ್ ಹುದ್ದೆಗೆ ಸಾಮಾನ್ಯವಾಗಿ ಪ್ರಾಧ್ಯಾಪಕರೇ ಬರುತ್ತಾರೆ, ಅದನ್ನು ಬಿಡಿ. ಉಳಿದದ್ದು ಬೇಕಾದಷ್ಟಿದೆ.

ಬ್ಯಾಂಕಿನವರು ಶುಲ್ಕ, ಲೆಕ್ಕಪತ್ರದ ಕಡೆ ನೋಡಿ. ಮಾರಾಟದಲ್ಲಿದ್ದವರು ಪ್ರವೇಶಾತಿಗೆ, ಗುಣಮಟ್ಟ ತಪಾಸಣೆ ಮಾಡಿದವರು ಸಂಸ್ಥೆಯ ಗುಣಮಟ್ಟಕ್ಕೆ ಮಾನ್ಯತೆ ಪಡೆಯುವ ಕೆಲಸದ ವಿಭಾಗಕ್ಕೆ, ಒಪ್ಪಂದಗಳನ್ನು ನೋಡಿಕೊಂಡವರು ಸಂಶೋಧನಾ ಅನುದಾನದ ವಿಭಾಗಕ್ಕೆ.

ಅರ್ಜಿಯಲ್ಲಿ ಹಳೆಯ ಹುದ್ದೆಯ ಹೆಸರನ್ನು ದೊಡ್ಡದಾಗಿ ಬರೆದರೆ ಪ್ರಯೋಜನವಿಲ್ಲ. 'ಹಿರಿಯ ಆಪರೇಷನ್ಸ್ ಮ್ಯಾನೇಜರ್' ಅಂದರೆ ಇಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. ಕೆಲಸವನ್ನೇ ಬರೆಯಿರಿ. ಒಂದೇ ಗಾಡಿಯನ್ನು ಒಂದೇ ಹೊತ್ತಿಗೆ ಇಬ್ಬರು ಗ್ರಾಹಕರಿಗೆ ಕೊಟ್ಟಿದ್ದರೆ ಹಿಂದಿನ ದಿನವೇ ಹಿಡಿದು ಸರಿಮಾಡುತ್ತಿದ್ದೆ ಅಂತ ನಾನು ಬರೆದಿದ್ದೆ. ಇಲ್ಲಿನ ತಲೆನೋವೂ ಅದೇ. ಹಿಂದಿನ ವರ್ಷದ ವಿಷಯ ಉಳಿಸಿಕೊಂಡ ವಿದ್ಯಾರ್ಥಿಗೆ ಅದರ ಪರೀಕ್ಷೆ, ಈ ವರ್ಷದ ಪರೀಕ್ಷೆ ಎರಡೂ ಒಂದೇ ಬೆಳಿಗ್ಗೆ ಬಿದ್ದಿರುತ್ತವೆ. ಪಟ್ಟಿ ಪ್ರಕಟವಾಗುವ ಮೊದಲೇ ಅದನ್ನು ಹುಡುಕುವವರು ಬೇಕು.

ಸಂದರ್ಶನಕ್ಕೆ ಮೊದಲು ಆ ಸಂಸ್ಥೆಯ ನಿಯಮಾವಳಿ ಓದಿಕೊಳ್ಳಿ. ಹಾಜರಿ ಕೊರತೆ, ಮರುಮೌಲ್ಯಮಾಪನ, ಕ್ರೆಡಿಟ್ (ಎಷ್ಟು ಓದಾಯಿತು ಅಂತ ಅಳೆಯುವ ಲೆಕ್ಕ) ವರ್ಗಾವಣೆ, ಈ ಮೂರಾದರೂ ಸಾಕು. ಯುರೋಪಿನ ಪದ್ಧತಿಯಲ್ಲಿ ಪೂರ್ಣಾವಧಿ ಓದಿನ ಒಂದು ವರ್ಷಕ್ಕೆ 60 ಕ್ರೆಡಿಟ್. ಬೇರೆ ಕಡೆಗಳಲ್ಲಿ ಲೆಕ್ಕ ಬೇರೆ. ಹಾಗಾಗಿ ಒಬ್ಬ ವಿದ್ಯಾರ್ಥಿ ಅಲ್ಲಿಂದ ಇಲ್ಲಿಗೆ ಬಂದರೆ ಸುಮ್ನೆ ಕೂಡಿಸಿ ಕಳೆಯುವ ಕೆಲಸವಲ್ಲ ಅದು.

ಸಂಬಳ ಕಂಪನಿಗಿಂತ ಕಡಿಮೆ ಇರಬಹುದು. ಯಾವ ಶ್ರೇಣಿಯಲ್ಲಿ ಸೇರಿಸಿಕೊಳ್ಳುತ್ತಾರೆ, ಹಳೆಯ ಅನುಭವ ಲೆಕ್ಕಕ್ಕೆ ಬರುತ್ತದೆಯೇ ಅಂತ ಸೇರುವ ಮೊದಲೇ ಕೇಳಿ. ಆಮೇಲೆ ಶ್ರೇಣಿ ಬದಲಾಯಿಸುವುದು ಕಷ್ಟ.

ಹೊರಗಿನಿಂದ ಬಂದವರು ಜಾಸ್ತಿ ಒದ್ದಾಡುವುದು ಸಮಿತಿಗಳ ವಿಷಯದಲ್ಲಿ. ಕಂಪನಿಯಲ್ಲಿ ಬಾಸ್ ಹೂಂ ಅಂದರೆ ಸಂಜೆಯೊಳಗೆ ಕೆಲಸ ಆಗುತ್ತದೆ. ಇಲ್ಲಿ ಪರೀಕ್ಷೆಯ ಒಂದು ನಿಯಮ ಬದಲಾಗಬೇಕಾದರೆ ವಿಭಾಗದ ಸಮಿತಿ, ನಿಕಾಯದ (ಹಲವು ವಿಭಾಗಗಳ ಗುಂಪಿನ) ಮಂಡಳಿ, ಆಮೇಲೆ ಶೈಕ್ಷಣಿಕ ಪರಿಷತ್ತು. ಪರಿಷತ್ತು ಸೇರುವುದೇ ವರ್ಷಕ್ಕೆ ಕೆಲವು ಸಲ. ಕಾರ್ಯಸೂಚಿಗೆ ವಿಷಯ ಕೊಡುವ ದಿನ ತಪ್ಪಿದರೆ ಮುಂದಿನ ಸಭೆವರೆಗೆ ಕಾಯಬೇಕು. ಅದಕ್ಕೇ ಸಭೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬನ್ನಿ.

ಸಮಿತಿಯ ಮುಂದಿಡುವ ಟಿಪ್ಪಣಿ ಒಂದು ಪುಟ ದಾಟಬಾರದು. ಈಗಿನ ನಿಯಮ ಏನು, ಯಾವ ಸಾಲು ಬದಲಾಗಬೇಕು, ಯಾಕೆ. ಮುಖ್ಯವಾಗಿ, ಯಾವ ವರ್ಷ ಸೇರಿದ ವಿದ್ಯಾರ್ಥಿಗಳಿಂದ ಜಾರಿ? ಮೇಷ್ಟ್ರುಗಳು ಮೊದಲು ಕೇಳುವ ಪ್ರಶ್ನೆ ಇದೇ. ಅರ್ಧ ಓದು ಮುಗಿಸಿದವರ ಮೇಲೆ ಹೊಸ ನಿಯಮ ಹೇರಿದರೆ ತಕರಾರು ಬರುವುದು ಖಂಡಿತ. ವಿರೋಧಿಸುವವರು ಯಾರು ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ? ಸಭೆಗೆ ಮುಂಚೆ ಅವರ ಕೊಠಡಿಗೇ ಹೋಗಿ ಮಾತಾಡಿ. ಎಷ್ಟೋ ಸಲ ಅವರು ಹೇಳುವ ತಿದ್ದುಪಡಿ ನಮ್ಮದಕ್ಕಿಂತ ಚೆನ್ನಾಗಿರುತ್ತದೆ, ಒಪ್ಪಲು ಮಾತ್ರ ಸ್ವಲ್ಪ ಕಷ್ಟ.

ಇನ್ನೊಂದು ಮಾತು. ಸಭೆಯ ನಡಾವಳಿ ಬರೆಯುವ ಕೆಲಸ ಯಾರಿಗೂ ಬೇಡ. ಕೇಳಿ ಪಡೆದುಕೊಳ್ಳಿ. ಯಾವ ತೀರ್ಮಾನ ಯಾರ ಕೈಯಲ್ಲಿದೆ, ಹಣ ಎಲ್ಲಿಂದ ಬರುತ್ತದೆ, ಯಾರ ಮಾತಿಗೆ ತೂಕ ಅನ್ನುವುದೆಲ್ಲ ಅಲ್ಲಿ ಕೂತರೆ ತಿಳಿಯುತ್ತದೆ. ಯಾವ ತರಬೇತಿಯೂ ಇದನ್ನು ಹೇಳಿಕೊಡುವುದಿಲ್ಲ. ಉನ್ನತ ಶಿಕ್ಷಣ ಆಡಳಿತದ ಸ್ನಾತಕೋತ್ತರ ಪದವಿಗೆ ಆತುರ ಬೇಡ ಅನ್ನುವುದೂ ಇದಕ್ಕೇ. ಸೇರಿದ ಮೇಲೆ ಸಿಬ್ಬಂದಿಗೆ ಶುಲ್ಕ ರಿಯಾಯಿತಿ ಇದೆಯಾ ನೋಡಿ, ಆಗ ಮಾಡಿದರಾಯಿತು.

ಪ್ರವೇಶಾತಿಯಿಂದ ಫಲಿತಾಂಶದವರೆಗೆ ಒಂದು ಇಡೀ ವರ್ಷ ನೋಡಿದ ಮೇಲೆ ಬಡ್ತಿಗೆ ಕಾಯುತ್ತಾ ಕೂರಬೇಡಿ, ಅದೇ ಶ್ರೇಣಿಯಲ್ಲೇ ಬೇರೆ ವಿಭಾಗ ಕೇಳಿ. ಪ್ರವೇಶಾತಿ, ಪರೀಕ್ಷೆ ಎರಡನ್ನೂ ಬಲ್ಲವರು ಕಡಿಮೆ. ಉಪಕುಲಸಚಿವ ಹುದ್ದೆ ಖಾಲಿಯಾದಾಗ ಅಂಥವರ ಹೆಸರು ಬೇಗ ನೆನಪಾಗುತ್ತದೆ. ಆದರೆ ವರ್ಗಾವಣೆ ಕೇಳುವ ಪತ್ರ ಹಿಡಿದುಕೊಂಡು ಫಲಿತಾಂಶದ ವಾರ ಮಾತ್ರ ಹೋಗಬೇಡಿ. ಆಗ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ.